ಊರಿಗೆ ಹೋದವರ ಬೀಗದ ಕೈ

"ಮದುವೆ ಅಂತೆ ಅಮ್ಮಾ! ಫೋತಿನಿ ಅತ್ತೆಗೆ ಮದುವೆ!"

ಆ ಕಡೆ ಏನೋ ದಢಾರೆಂದು ಬಿತ್ತು. ಬಿದ್ದದ್ದು ಪಾತ್ರೆಯೋ ಅಮ್ಮನೋ ಲೆಮೋನಿಯಾಗೆ ತಿಳಿಯಲಿಲ್ಲ.

"ಯಾವ ಫೋತಿನಿ?"

"ಎಷ್ಟು ಜನ ಫೋತಿನಿ ಇದಾರಮ್ಮ ನಮಗೆ? ಅಪ್ಪನ ಅಕ್ಕ! ಈ ಮನೆ ಅತ್ತೆ! ಇಲ್ಲೇ ನನ್ನ ಮುಂದೇನೇ ಪೆಟ್ಟಿಗೆ ತುಂಬ್ತಾ ಇದಾಳೆ."

"ಆ ವಯಸ್ಸಲ್ಲಾ? ಅವಳಿಗೆ ಮಂಡಿ ನೋವಲ್ವೇನೇ?"

"ಮಂಡಿಗೂ ಮದುವೆಗೂ ಏನಮ್ಮ ಸಂಬಂಧ!"

ಫೋತಿನಿ ಅತ್ತೆ ಮಡಿಸುತ್ತಿದ್ದ ಸೀರೆಯಂಥ ಉದ್ದನೆಯ ಮೇಜುಬಟ್ಟೆಯನ್ನು ಬಿಟ್ಟು ಫೋನಿನತ್ತ ಬಾಗಿ ಕೂಗಿದಳು. "ಅವರಿಗೂ ಮಂಡಿ ನೋವು ಅಂತ ಹೇಳೇ. ಜೋಡಿ ಸರಿಯಾಗಿದೆ!"

ವರ ಈಜಿನಾ ದ್ವೀಪದವನು, ವಿಧುರ, ಪಿಸ್ತಾ ತೋಟದ ಯಜಮಾನ. ಎಷ್ಟು ಮರ ಎಂದು ಅಮ್ಮ ಕೇಳಿದಳು. ಹಲ್ಲು ಅವನದೇನಾ ಎಂದೂ ಕೇಳಿದಳು. ಎಲ್ಲ ಕೇಳಿ ಮುಗಿಸಿದ ಮೇಲೆ, "ಹಾಗಾದ್ರೆ ನೀನು?" ಎಂದಳು.

ಅಲ್ಲಿಯವರೆಗೆ ನಗುತ್ತಿದ್ದ ಲೆಮೋನಿಯಾಳ ನಗು ಅಲ್ಲೇ ನಿಂತಿತು. ಅದೇ ಪ್ರಶ್ನೆಯನ್ನು ಅವಳು ಬೆಳಗಿನಿಂದ ಬಾಯಿಗೆ ಬಾರದಂತೆ ನುಂಗಿಕೊಂಡಿದ್ದಳು. ಲಾಮಿಯಾದಲ್ಲಿ ನರ್ಸಿಂಗ್ ಓದುತ್ತಿದ್ದ ಅವಳಿಗೆ ಈ ಬೇಸಿಗೆ ಅಥೆನ್ಸ್‌ನ ಒಂದು ಆಸ್ಪತ್ರೆಯಲ್ಲಿ ತರಬೇತಿ ಬಿದ್ದಿತ್ತು. ಕಾರ್ಪೆನಿಸಿಯ ಬೆಟ್ಟದಲ್ಲಿ ಹುಟ್ಟಿ ಬೆಳೆದವಳನ್ನು ಅಥೆನ್ಸ್‌ಗೆ ಕಳಿಸಲು ಅಪ್ಪ ಒಪ್ಪಿದ್ದೇ ಅಕ್ಕನ ಮನೆ ಇದೆ ಎಂಬ ಧೈರ್ಯದಿಂದ. ಈಗ ಅಕ್ಕನೇ ಹೊರಟಿದ್ದಳು.

"ಇರ್ತೀನಿ," ಎಂದಳು ಲೆಮೋನಿಯಾ. ದನಿ ಅವಳದೇ ಆದರೂ ಬೇರೆ ಯಾರೋ ಹೇಳಿದ ಹಾಗಿತ್ತು. "ಮನೆ ಇದೆಯಲ್ಲ."

"ಒಂದು ಹೆಚ್ಚುಕಡಿಮೆ ಆದ್ರೂ ನಿಮ್ಮಪ್ಪ ಆ ತರಬೇತಿ ಬಿಡಿಸಿ ಬಸ್ಸು ಹತ್ತಿಸ್ತಾನೆ. ಆಮೇಲೆ ವರ್ಷ ಹೋಯ್ತು ಅಂತ ನನ್ನ ಹತ್ರ ಅಳ್ಬೇಡ."

ಆಗಸ್ಟ್ ಬಂತೆಂದರೆ ಅಥೆನ್ಸ್‌ನಲ್ಲಿ ಜನ ಇರುವುದಿಲ್ಲ. ಮಾತೆ ಮರಿಯಳ ಹಬ್ಬದ ಹೊತ್ತಿಗೆ ಮನುಷ್ಯನಾದವನು ಊರಿನಲ್ಲಿರಬೇಕು. ಹುಟ್ಟಿದ ಊರೇ ಆಗಬೇಕೆಂದಿಲ್ಲ, ಅಜ್ಜನ ಊರಾದರೂ ಆದೀತು, ಹೆಂಡತಿಯ ಅಜ್ಜಿಯ ಊರಾದರೂ ನಡೆದೀತು. ಜುಲೈ ತಿಂಗಳಿಡೀ ಮೆಟ್ಟಿಲ ಮೇಲೆ ಎದುರಾದವರು ಆಡುವ ಮೊದಲ ಮಾತೇ "ಯಾವಾಗ ಊರಿಗೆ?" ಎಂದು. ಕಿಪ್ಸೇಲಿ ಬಡಾವಣೆಯ ಆ ಕಟ್ಟಡದಲ್ಲಿ ಮೂರನೇ ಮಹಡಿಯ ಫೋತಿನಿ ಅತ್ತೆ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ, ಬೇಕರಿಯ ಕೆಲಸ ಬಿಡುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಎಲ್ಲರ ಬೀಗದ ಕೈಗಳೂ ಅವಳ ಹಲ್ವಾ ಡಬ್ಬಿಗೆ ಬಂದು ಬೀಳುತ್ತಿದ್ದವು. ಈ ವರ್ಷ ಡಬ್ಬಿ ಸೋದರಸೊಸೆಯ ಕೊರಳಿಗೆ ಬಿತ್ತು.

"ಒಂದನೇ ಮಹಡಿ, ಕಾಮಕಸ್ತೂರಿ ಕುಂಡಗಳಿಗೆ ನೀರು," ಎಂದು ಅತ್ತೆ ಒಂದೊಂದೇ ಕೀಲಿ ಎತ್ತಿ ತೋರಿಸಿದಳು. "ನಾಲ್ಕನೇ ಮಹಡಿ, ಮೀನಿಗೆ ಚಿಟಿಕೆ ಆಹಾರ. ಚಿಟಿಕೆ ಅಂದ್ರೆ ಚಿಟಿಕೆ, ಹೋದ ಸಲ ನಾನು ಒಂದನ್ನ ತಿನ್ನಿಸಿ ತಿನ್ನಿಸಿ ಸಾಯಿಸಿದೀನಿ. ನೆಲಮಹಡಿ ಅರಿಸ್ತಿದಿಸ್ ಮಾಮಂದು, ಕಾಗದ ಪತ್ರ ಬಂದ್ರೆ ಒಳಗಿಡು. ಇದು ಎರಡನೇ ಮಹಡಿ, ಎವಾಂಥಿಯಾ ಮೇಡಂದು. ಇದು ಸುಮ್ಮನೆ ಡಬ್ಬೀಲಿರ್ಲಿ."

"ಗಿಡ ಇಲ್ವಾ?"

"ಏನೂ ಇಲ್ಲ. ನೀನು ಆ ಬಾಗಿಲ ಹತ್ರ ಹೋಗೋದೇ ಬೇಡ. ಮತ್ತೆ ಇನ್ನೊಂದು. ಮಧ್ಯಾಹ್ನ ಊಟ ಆದ್ಮೇಲೆ ರೇಡಿಯೊ ಹಾಕು. ಜೋರಾಗಿ. ಅಡುಗೆಮನೆ ಕಿಟಕಿ ತೆಗೆದಿಟ್ಟು."

"ಮಧ್ಯಾಹ್ನ ಸದ್ದು ಮಾಡ್ಬಾರ್ದಲ್ವಾ ಅತ್ತೆ? ಮಲಗೋ ಹೊತ್ತು."

"ಮಲಗೋಕೆ ಯಾರಿದಾರೇ ಇಲ್ಲಿ? ಹಾಕು ಅಂದ್ರೆ ಹಾಕು. ಮನೇಲಿ ಜನ ಇದಾರೆ ಅಂತ ಕಳ್ಳರಿಗೆ ಗೊತ್ತಾಗ್ಲಿ."

ಎವಾಂಥಿಯಾ ಮೇಡಂ ಮಕ್ಕಳಿಗೆ ಫ್ರೆಂಚ್ ಪಾಠ ಹೇಳಿಕೊಡುತ್ತಿದ್ದ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು. ಅವರು ಹೊರಟ ದಿನ ಅಗಲ ಅಂಚಿನ ಟೋಪಿ ಹಾಕಿಕೊಂಡು, ಗಾಲಿ ಪೆಟ್ಟಿಗೆ ಹಿಡಿದು, ಟ್ಯಾಕ್ಸಿಯವನನ್ನು ಐದು ನಿಮಿಷ ಕಾಯಿಸಿ ಎಲ್ಲರಿಗೂ ಟಾಟಾ ಮಾಡಿದ್ದರು. ಆಂದ್ರೋಸ್ ದ್ವೀಪದಲ್ಲಿ ಅವರ ತಂದೆಯ ಮನೆ ಇತ್ತು. ಅಲ್ಲಿನ ಗಾಳಿಯ ವಿಷಯ, ಬಾವಿಯ ವಿಷಯ, ಅಂಗಳದ ಅಂಜೂರದ ಮರದ ವಿಷಯ ಕಟ್ಟಡದವರಿಗೆಲ್ಲ ಬಾಯಿಪಾಠವಾಗಿತ್ತು. ಮರಳಿ ಬರುವಾಗ ಮನೆಗೊಂದು ಜಾಡಿ ಉಪ್ಪಿನಲ್ಲಿ ಹಾಕಿದ ಕೇಪರ್ ಗಿಡದ ಮೊಗ್ಗು ತರುತ್ತಿದ್ದರು. "ಆಂದ್ರೋಸ್ ಬಂಡೆ ಮೇಲೆ ಬೆಳೆದಿದ್ದು," ಎಂದು ಹಂಚುತ್ತಿದ್ದರು.

ಕೊನೆಗೆ ಹೊರಟವನು ಕಟ್ಟಡದ ಮ್ಯಾನೇಜರ್ ಅರಿಸ್ತಿದಿಸ್, ನಿವೃತ್ತ ಟ್ರಾಲಿ ಬಸ್ ಚಾಲಕ. ಈಗಲೂ ಮೆಟ್ಟಿಲ ಮೇಲೆ ಎದುರಾದರೆ ಹಾರ್ನ್ ಹೊಡೆಯುವವನ ಹಾಗೇ ಮಾತಾಡುತ್ತಿದ್ದ.

"ನೋಡು ಕೂಸೇ, ಹೋದ ವರ್ಷ ಹಿಂದಿನ ಬೀದೀಲಿ ಎರಡು ಮನೆ ದೋಚಿದಾರೆ. ಫೋತಿನಿ ಇಷ್ಟು ವರ್ಷ ಕಾದಿದಾಳೆ, ಒಂದು ಸೂಜಿ ಹೋಗಿಲ್ಲ. ಈಗ ಸೂಜಿ ಹೋದ್ರೆ ನಿನ್ನ ಹೆಸರು ಯಾರೂ ಹೇಳಲ್ಲ. ಫೋತಿನಿ ಹೆಸರು ಹೇಳ್ತಾರೆ. ಗೊತ್ತಾಯ್ತಾ?"

"ಗೊತ್ತಾಯ್ತು ಮಾಮ."

"ಯಾಕೆ ಬೆವರ್ತಾ ಇದೀಯ?"

"ಸೆಕೆ ಮಾಮ."

ಮರುದಿನದಿಂದ ಕಟ್ಟಡದಲ್ಲಿ ಅವಳೊಬ್ಬಳೇ.

ಕತ್ತಲಿಗೆ ಹೆದರುವವರು ಇರುತ್ತಾರೆ. ಲೆಮೋನಿಯಾ ಕಲಿತದ್ದು ನಡು ಮಧ್ಯಾಹ್ನಕ್ಕೆ ಹೆದರುವುದನ್ನು. ಬೆಳಗಿನ ಪಾಳಿ ಮುಗಿಸಿ ಬಸ್ಸಿನಿಂದ ಇಳಿದರೆ ಬೀದಿಗೆ ಬೀದಿಯೇ ಬಿಳಿ ಬಿಸಿಲಿನಲ್ಲಿ ಸತ್ತು ಬಿದ್ದಿರುತ್ತಿತ್ತು. ಬಾಲ್ಕನಿಗಳ ಷಟರುಗಳೆಲ್ಲ ಕೆಳಗೆ. ಅಂಗಡಿ ಬಾಗಿಲುಗಳ ಮೇಲೆ "ಊರಿಗೆ ಹೋಗಿದ್ದೇವೆ" ಎಂಬ ಚೀಟಿ. ಮೂಲೆಯ ಗೂಡಂಗಡಿಯವನೊಬ್ಬ ಮಾತ್ರ ಸಿಗರೇಟು, ನೀರಿನ ಬಾಟಲಿಗಳ ನಡುವೆ ಫ್ಯಾನಿಗೆ ಮುಖವೊಡ್ಡಿ ಕೂತಿರುತ್ತಿದ್ದ, ಅವಳು ಹಾದುಹೋದಾಗ ತಲೆಯೆತ್ತಿ ನೋಡುತ್ತಿದ್ದ. ಆ ನೋಟಕ್ಕೂ ಅವಳಿಗೆ ಹೆದರಿಕೆ. ಅವನಿಲ್ಲದಿದ್ದರೆ ಇನ್ನೂ ಹೆದರಿಕೆಯಾಗುತ್ತಿತ್ತು.

ವಾರ್ಡಿನಲ್ಲಿ ಹೊಲಿಗೆ ಹಾಕುವಾಗ ರೋಗಿಯ ಕೈ ಹಿಡಿದು ನಿಲ್ಲುತ್ತಿದ್ದವಳು, ರಕ್ತದ ಬಕೆಟ್ಟನ್ನು ಹಾಲಿನ ಬಕೆಟ್ಟಿನಂತೆ ಹೊತ್ತು ಒಯ್ಯುತ್ತಿದ್ದವಳು, ಕಟ್ಟಡದ ಬಾಗಿಲು ದೂಡುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಲಿಫ್ಟ್ ಹತ್ತುತ್ತಿರಲಿಲ್ಲ. ಸಿಕ್ಕಿಕೊಂಡರೆ ಕೂಗು ಯಾರಿಗೆ ಕೇಳಬೇಕು? ಮೂರು ಮಹಡಿ ಓಡುತ್ತಲೇ ಹತ್ತಿ, ಬಾಗಿಲಿಗೆ ಎರಡು ಸುತ್ತು ಬೀಗ ತಿರುಗಿಸಿ, ಕುರ್ಚಿ ಅಡ್ಡ ಇಟ್ಟು, ಸುಮ್ಮನೆ ನಿಂತು ಆಲಿಸುತ್ತಿದ್ದಳು. ರೇಡಿಯೊ ಹಾಕಲಿಲ್ಲ. ರೇಡಿಯೊ ಹಾಡುತ್ತಿದ್ದರೆ ಮೆಟ್ಟಿಲ ಮೇಲಿನ ಹೆಜ್ಜೆ ಹೇಗೆ ಕೇಳುತ್ತದೆ? ಕಳ್ಳರಿಗೆ ಅವಳಿರುವುದು ಗೊತ್ತಾಗುವುದಕ್ಕಿಂತ ಅವಳಿಗೆ ಕಳ್ಳರಿರುವುದು ಗೊತ್ತಾಗುವುದು ಮುಖ್ಯ ಎಂದು ಅವಳ ಲೆಕ್ಕ.

ಹೀಗೆ ಕಿವಿಗೊಟ್ಟು ಕೂತವಳಿಗೆ ಒಂದು ಮಧ್ಯಾಹ್ನ ಸದ್ದು ಕೇಳಿತು.

ಕಟ್ಟಡದ ನಡುವೆ ತಳದಿಂದ ತಾರಸಿಯವರೆಗೆ ಬಾವಿಯಂಥ ಒಂದು ತೆರಪು ಇತ್ತು. ಎಲ್ಲ ಮನೆಗಳ ಅಡುಗೆಮನೆಯ, ಬಚ್ಚಲಿನ ಪುಟ್ಟ ಕಿಟಕಿಗಳು ಅದಕ್ಕೇ ತೆರೆದುಕೊಂಡಿದ್ದವು. ಗಾಳಿಗೆಂದು ಕಟ್ಟಿದ್ದರೂ ಅದರಲ್ಲಿ ಹೆಚ್ಚಾಗಿ ಓಡಾಡುತ್ತಿದ್ದದ್ದು ಮೀನು ಹುರಿದ ವಾಸನೆ ಮತ್ತು ಗಂಡ ಹೆಂಡಿರ ಜಗಳ. ಈಗ ಆ ಗಾಳಿಬಾವಿಯೊಳಗಿಂದ ನೀರು ತೊಟ್ಟಿಕ್ಕಿದ ಸದ್ದು ಬಂತು. ಒಂದು ತೊಟ್ಟು, ಇನ್ನೊಂದು, ಆಮೇಲೆ ಯಾರೋ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ ಹಾಗೆ ಒಂದು ಕೀರಲು.

ಹಳೇ ಕೊಳವೆ, ಎಂದುಕೊಂಡಳು. ಆ ಹಳೇ ಕೊಳವೆಯ ನೆನಪಿನಲ್ಲೇ ಇಡೀ ರಾತ್ರಿ ಕಣ್ಣು ಮುಚ್ಚಲಿಲ್ಲ.

ಮರುದಿನ ವಾಸನೆ ಬಂತು. ಸಣ್ಣ ಪಾತ್ರೆಯಲ್ಲಿ ಕುದಿಸಿದ ಕಾಫಿಯ ವಾಸನೆ, ಹೊಚ್ಚ ಹೊಸದು. ಲೆಮೋನಿಯಾಳ ಕೈಯಲ್ಲಿದ್ದ ಟೊಮೇಟೊ ಜಾರಿ ಬಿತ್ತು. ಕೊಳವೆ ಹಳೇದಾದರೆ ನೀರು ಸೋರಬಹುದು, ಕಾಫಿ ಕಾಯಿಸುವುದಿಲ್ಲ. ಅತ್ತೆಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಹೊಸ ಮದುಮಗಳು.

"ಅಮ್ಮಾ, ಕೆಳಗಡೆ ಯಾರೋ ಕಾಫಿ ಕುಡೀತಾ ಇದಾರೆ."

"ಕುಡಿಯಲಿ ಬಿಡೇ ಪಾಪ."

"ಅಮ್ಮಾ! ಕಟ್ಟಡದಲ್ಲಿ ಯಾರೂ ಇಲ್ಲ!"

ಅಮ್ಮ ಮೂರು ಸಲ ಥೂ ಥೂ ಥೂ ಎಂದು ಉಗಿದಳು. ಆಮೇಲೆ ಬೆಳ್ಳುಳ್ಳಿ ಜೇಬಲ್ಲಿಟ್ಟುಕೋ ಎಂದಳು, ಮಾತೆ ಮರಿಯಳ ಪಟದ ಮುಂದೆ ದೀಪ ಹಚ್ಚು ಎಂದಳು, ದಪ್ಪ ಬಾಣಲೆ ಇದೆಯಾ ಎಂದು ಕೇಳಿದಳು. "ನಿಮ್ಮಪ್ಪನಿಗೆ ಹೇಳ್ಲಾ?"

"ಬೇಡ! ಬೇಡಮ್ಮ. ಹೇಳಿದ್ರೆ ನಾಳೆ ಬಸ್ಸಿಗೆ ಬಂದು ಕರ್ಕೊಂಡು ಹೋಗ್ತಾನೆ."

"ಹೋಗ್ಲಿ ಬಾ. ನರ್ಸೇ ಆಗ್ಬೇಕಾ? ಇಲ್ಲಿ ಸೂಜಿ ಚುಚ್ಚಿಸ್ಕೊಳ್ಳೋಕೆ ಕುರಿ ಇಲ್ವಾ?"

ಫೋನಿಟ್ಟ ಮೇಲೆ ಲೆಮೋನಿಯಾ ಬಾಣಲೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಒಂದನೇ ಮಹಡಿಯ ಕಾಮಕಸ್ತೂರಿಗೆ ನೀರು ಹಾಕದೆ ಎರಡು ದಿನವಾಗಿತ್ತು. ಅದು ಒಣಗಿದರೂ ಅತ್ತೆಯ ಹೆಸರೇ ಹೋಗುವುದು. ಎರಡನೇ ಮಹಡಿಯ ಬಾಗಿಲ ಮುಂದೆ ಕಾಲು ತಾನಾಗಿಯೇ ನಿಂತಿತು. ಒಳಗೆ ಚಮಚ ಬಟ್ಟಲಿಗೆ ತಾಗಿದ ಸದ್ದು. ಒಮ್ಮೆ. ಆಮೇಲೆ, ಒಳಗಿರುವವರಿಗೂ ಹೊರಗೆ ಯಾರೋ ನಿಂತಿರುವುದು ಗೊತ್ತಾದ ಹಾಗೆ, ಗಪ್‌ಚುಪ್.

ಹೇಗೆ ಮೇಲೆ ಬಂದಳೋ ಅವಳಿಗೇ ಗೊತ್ತಿಲ್ಲ. ಬಾಣಲೆ ಮೆಟ್ಟಿಲ ಮೇಲೆಲ್ಲೋ ಬಿದ್ದು ಸದ್ದು ಮಾಡುತ್ತಾ ಉರುಳಿದ್ದು ಮಾತ್ರ ಕೇಳಿತು. ಅಡುಗೆಮನೆಯ ಮೂಲೆಯಲ್ಲಿ ಕುಸಿದು ಅರಿಸ್ತಿದಿಸ್‌ಗೆ ಫೋನ್ ಹಚ್ಚಿದಳು.

"ಮಾಮ, ಎರಡನೇ ಮಹಡೀಲಿ ಕಳ್ಳ ಇದಾನೆ. ಎವಾಂಥಿಯಾ ಮೇಡಂ ಮನೇಲಿ. ಒಳಗೇ ಇದಾನೆ. ಕಾಫಿ ಕುಡೀತಾ ಇದಾನೆ."

"ಕಾಫಿ? ಅವನಜ್ಜಿ ಮನೆ ಅಂದ್ಕೊಂಡಿದಾನಾ!" ಹಿನ್ನೆಲೆಯಲ್ಲಿ ಮೇಕೆಗಳ ಗಂಟೆ ಕೇಳುತ್ತಿತ್ತು. "ನೀನು ಅಲ್ಲಾಡ್ಬೇಡ. ಬಾಗಿಲು ತೆಗೀಬೇಡ. ನಾನು ಪೊಲೀಸರಿಗೆ ಫೋನ್ ಮಾಡ್ತೀನಿ. ಬಾಗಿಲು ಒಡೆದಾದ್ರೂ ಎಳೆದು ಹೊರಗೆ ಹಾಕ್ಲಿ ಬೋಳಿಮಗನ್ನ. ಕಟ್ಟಡದ ಗ್ರೂಪಲ್ಲೂ ಹಾಕ್ತೀನಿ. ಎರಡು ನಿಮಿಷ."

ಫೋನು ಕಟ್ಟಾಯಿತು. ಲೆಮೋನಿಯಾ ಮಂಡಿಗಳ ನಡುವೆ ಮುಖ ಹುದುಗಿಸಿದಳು. 

"ಲೆಮೋನಿಯಾ."

ಕಿಟಕಿಯಿಂದ. ಗಾಳಿಬಾವಿಯ ಆಳದಿಂದ. ಪಿಸುದನಿ, ಆದರೆ ಕಿವಿಯ ಪಕ್ಕದಲ್ಲೇ ಬಾಯಿಟ್ಟು ಕರೆದಷ್ಟು ಸ್ಪಷ್ಟ.

ಲೆಮೋನಿಯಾ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಕಳ್ಳನಿಗೆ ತನ್ನ ಹೆಸರು ಗೊತ್ತು.

"ಲೆಮೋನಿಯಾ, ಮಗಳೇ, ಅರಿಸ್ತಿದಿಸ್‌ಗೆ ಯಾರನ್ನೂ ಕಳಿಸ್ಬೇಡ ಅನ್ನು. ದಮ್ಮಯ್ಯ. ಪೊಲೀಸ್ ಬೇಡ ಅನ್ನು."

"ಯಾ... ಯಾರು?"

"ನಾನು. ಎರಡನೇ ಮಹಡಿ."

"ಎರಡನೇ ಮಹಡಿಯವರು ಆಂದ್ರೋಸ್‌ನಲ್ಲಿದಾರೆ!"



"ಇಲ್ಲ," ಎಂದಿತು ದನಿ. "ಇಲ್ಲ ಮಗಳೇ. ಕೆಳಗೆ ಬಾ."

ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಲೆಮೋನಿಯಾ ಗೋಡೆಗೆ ಒರಗಿಕೊಂಡೇ ಇಳಿದಳು. ಹೋಗಬೇಡ ಎಂದು ಮೈಯೆಲ್ಲ ಹೇಳುತ್ತಿತ್ತು. ಆದರೆ ಆ "ದಮ್ಮಯ್ಯ" ಎಂಬುದನ್ನು ಅವಳು ವಾರ್ಡಿನಲ್ಲಿ ಕೇಳಿದ್ದಳು. ನೋವಿಗಲ್ಲ, ಮೈಮೇಲಿನ ಹೊದಿಕೆ ತೆಗೆಯುವಾಗ ಜನ ಹಾಗೆ ಬೇಡಿಕೊಳ್ಳುತ್ತಾರೆ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಬಾಗಿಲು ಸರಪಳಿ ಬಿಡುವಷ್ಟೇ ತೆರೆದಿತ್ತು. ಸಂದಿಯಲ್ಲಿ ಒಂದು ಕಣ್ಣು, ಸ್ವಲ್ಪ ಬಿಳಿಗೂದಲು. ಸರಪಳಿ ಬಿಚ್ಚಿತು. ಒಂದು ಕೈ ಅವಳನ್ನು ಒಳಗೆಳೆದುಕೊಂಡು ಸದ್ದಿಲ್ಲದೆ ಬಾಗಿಲು ಮುಚ್ಚಿತು.

ಒಳಗೆ ನಡುಹಗಲಿನ ಕತ್ತಲು. ಷಟರುಗಳೆಲ್ಲ ಕೆಳಗೆ. ಒಂದು ಷಟರಿನ ಬಿರುಕಿನಿಂದ ಬಿಸಿಲಿನ ಒಂದೇ ಒಂದು ಪಟ್ಟಿ ನೆಲದ ಮೇಲೆ ಬಿದ್ದಿತ್ತು. ಅದರ ಪಕ್ಕ ಒಂದು ಕುರ್ಚಿ, ಒಂದು ಎಣ್ಣೆ ಬಾಟಲಿ. ಎವಾಂಥಿಯಾ ಮೇಡಂ ಒಳಲಂಗದಲ್ಲಿ ನಿಂತಿದ್ದರು, ನೆಟ್ಟಗಿನ ಬೆನ್ನು ಮಾತ್ರ ಹಾಗೇ ಇತ್ತು. ಅವರ ಬಲಗೈ, ಬಲಗೆನ್ನೆ ಕಂದು ಬಣ್ಣಕ್ಕೆ ತಿರುಗಿದ್ದವು. ಎಡಭಾಗ ಹಿಟ್ಟಿನಷ್ಟು ಬಿಳಿ.

ಲೆಮೋನಿಯಾ ನೋಡುತ್ತಿರುವುದು ಎಲ್ಲಿ ಎಂದು ಗೊತ್ತಾಗಿ ಅವರು ಕೆನ್ನೆ ಮುಟ್ಟಿಕೊಂಡರು. "ಬಿಸಿಲಿಗೆ ಒಡ್ಡಿ ಒಂದು ಕಡೆ ಆಗಿದೆ. ನಾಳೆಯಿಂದ ತಿರುಗಿ ಕೂತ್ಕೋತೀನಿ. ಹಿಂತಿರುಗಿ ಬಂದಾಗ ಬೆಳ್ಳಗೇ ಇದ್ರೆ ಕೇಳ್ತಾರಲ್ಲ, ಊರಲ್ಲಿ ಬಿಸಿಲಿರಲಿಲ್ವಾ ಅಂತ."

ಮೇಜಿನ ಮೇಲೆ ಜಾಡಿಗಳ ಸಾಲು. ಕೇಪರ್ ಮೊಗ್ಗು. ಪಕ್ಕದ ತಟ್ಟೆಯಲ್ಲಿ ನೀರು, ಅದರಲ್ಲಿ ಜಾಡಿಗಳಿಂದ ನೆನೆದು ಬಿಟ್ಟುಕೊಂಡ ಅಂಗಡಿ ಹೆಸರಿನ ಚೀಟಿಗಳು.

"ಆಂದ್ರೋಸ್ ಮನೆ?" ಎಂದಳು ಲೆಮೋನಿಯಾ.

"ಅಣ್ಣ ಮಾರಿಬಿಟ್ಟ. ಹತ್ತು ಹನ್ನೊಂದು ವರ್ಷ ಆಯ್ತು. ಈಗ ಯಾರೋ ಜರ್ಮನಿಯವರು ಇದಾರಂತೆ." ಮನೆಯ ಬಗ್ಗೆ ಅಷ್ಟೇ ಹೇಳಿದರು. "ಮೊದಲನೇ ವರ್ಷ ನಿಜ ಹೇಳೋಣ ಅಂತಾನೇ ಮೆಟ್ಟಿಲು ಇಳಿದೆ. ಅರಿಸ್ತಿದಿಸ್ ಎದುರಿಗೆ ಬಂದು 'ಯಾವಾಗ ಊರಿಗೆ ಮೇಡಂ?' ಅಂದ. ಬಾಯಿಂದ 'ನಾಳೆ' ಅಂತ ಬಂದುಬಿಡ್ತು. ನಾಳೆ ಅಂದ್ಮೇಲೆ ಹೊರಡ್ಬೇಕಲ್ಲ? ಹೊರಟೆ. ಬಂದರಿನವರೆಗೂ ಹೋಗಿ ಹಡಗು ನೋಡ್ಕೊಂಡು, ಮಧ್ಯಾಹ್ನ ಎಲ್ಲ ಮಲಗಿರೋ ಹೊತ್ತಲ್ಲಿ ಗ್ಯಾರೇಜ್ ಬಾಗಿಲಿಂದ ಒಳಗೆ ಬಂದೆ. ಊರಿಲ್ಲದವಳು ಅಂತ ಹೇಗೆ ಹೇಳ್ಕೊಳ್ಲಿ ಮಗಳೇ? ಭಿಕ್ಷುಕರಿಗೂ ಊರಿರುತ್ತೆ."

"ಅತ್ತೆಗೆ ಗೊತ್ತಿತ್ತಾ?"

"ಒಂದು ದಿನ ಬಾಯಿಬಿಟ್ಟು ಹೇಳಿಲ್ಲ ಅವಳು. ಆದ್ರೆ ಎರಡನೇ ವರ್ಷದಿಂದ ಮಧ್ಯಾಹ್ನ ಊಟ ಆದ್ಮೇಲೆ ರೇಡಿಯೊ. ಕಟ್ಟಡ ಅದುರೋ ಹಾಗೆ. ಅದು ಹಾಡೋ ಹೊತ್ತಲ್ಲಿ ನಾನು ಸ್ನಾನ ಮಾಡ್ತಿದ್ದೆ, ಪಾತ್ರೆ ತೊಳೀತಿದ್ದೆ, ಕಕ್ಕಸಿಗೆ ನೀರು ಬಿಡ್ತಿದ್ದೆ. ಕೆಮ್ಮು ಬಂದ್ರೂ ಅಲ್ಲೀವರೆಗೆ ತಡ್ಕೋತಿದ್ದೆ." ಅವರು ತಲೆ ತಗ್ಗಿಸಿದರು. "ಈ ಸಲ ರೇಡಿಯೊ ಇಲ್ಲ. ಇವತ್ತು ಹಾಕ್ತಾರೆ, ನಾಳೆ ಹಾಕ್ತಾರೆ ಅಂತ ಕಾದೆ. ನೀನೋ, ಉಸಿರಾಡೋದೂ ಕೇಳಲ್ಲ. ಮೇಲೆ ಹುಡುಗಿ ಇದಾಳೋ ಇಲ್ವೋ, ಏನಾದ್ರೂ ಆಯ್ತೋ ಅಂತ ನನಗೂ ಭಯ."

ಆಗ ಮಾತ್ರ ಲೆಮೋನಿಯಾಗೆ ಕೋಣೆಯ ವಾಸನೆ ತಿಳಿಯಿತು. ಬೆವರು, ಹಳಸಿದ ನೀರು, ಮುಚ್ಚಿದ ಮನೆಯ ಬೇಗುದಿ. ಒಂದೇ ಚಾವಣಿಯ ಮೇಲೊಬ್ಬರು ಕೆಳಗೊಬ್ಬರು ಉಸಿರು ಕಟ್ಟಿಕೊಂಡು ಒಬ್ಬರನ್ನೊಬ್ಬರು ಆಲಿಸುತ್ತಾ ಕೂತಿದ್ದರು.

ಫೋನು ಕಿರ್ರೆಂದಿತು. ಇಬ್ಬರೂ ಬೆಚ್ಚಿಬಿದ್ದರು.

"ಅರಿಸ್ತಿದಿಸ್," ಎಂದಳು ಲೆಮೋನಿಯಾ.

ಎವಾಂಥಿಯಾ ಮೇಡಂ ಕುರ್ಚಿಯ ಬೆನ್ನು ಹಿಡಿದುಕೊಂಡರು. ಒಂದು ಕೈ ಕಂದು, ಒಂದು ಕೈ ಬಿಳಿ.

ಸತ್ಯ ಹೇಳಿದರೆ ಲೆಮೋನಿಯಾಗೆ ಏನೂ ಆಗುವುದಿಲ್ಲ. ಕಿವಿ ಚುರುಕಿನ ಹುಡುಗಿ ಎನ್ನುತ್ತಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅತ್ತೆಯ ಹೆಸರು, ತರಬೇತಿ, ಬೇಸಿಗೆ ಎಲ್ಲ ಒಟ್ಟಿಗೇ ಹೋಗುತ್ತವೆ. ಫೋನು ಕೂಗುತ್ತಲೇ ಇತ್ತು. ಅವಳು ಗುಂಡಿ ಒತ್ತಿದಳು.

"ಪೊಲೀಸರು ಗಾಡಿ ಇಲ್ಲ ಅಂತಾರೆ, ಬಂದಾಗ ಬರ್ತೀವಿ ಅಂತಾರೆ! ಇನ್ನೂ ಇದಾನಾ ಅವನು?"

"ಮಾಮ... ಪಾರಿವಾಳ."

"ಏನು?"

"ಪಾರಿವಾಳ ಮಾಮ. ಗಾಳಿಬಾವೀಲಿ. ಕಿಟಕಿಗೆ ಕೊಕ್ಕಲ್ಲಿ ಕುಟ್ಟೋದು ಚಮಚದ ಹಾಗೆ ಕೇಳಿಸ್ತು."

"ಪಾರಿವಾಳ ಕಾಫಿ ಕಾಯಿಸ್ತಾ?"

ಲೆಮೋನಿಯಾ ಕಣ್ಣು ಮುಚ್ಚಿದಳು. "ಅದು... ನಂದೇ ಕಾಫಿ. ಒಲೆ ಮೇಲಿಟ್ಟು ಮರ್ತಿದ್ದೆ."

ಅರಿಸ್ತಿದಿಸ್ ಹಾರ್ನ್ ಹೊಡೆದ. ಮೊದಲು ಬೈದ, ಆಮೇಲೆ ನಕ್ಕ, ನಗುತ್ತಲೇ ಯಾರನ್ನೋ ಕೂಗಿ ಕರೆದು ಹೇಳಿದ. "ಪಾರಿವಾಳಕ್ಕೆ ಹೆದರೋ ನರ್ಸಮ್ಮ! ನಾನು ಆಪರೇಷನ್‌ಗೆ ಬಂದ್ರೆ ನೀನು ಹತ್ರ ಬರ್ಬೇಡ ತಾಯಿ! ಗ್ರೂಪಲ್ಲಿ ಹಾಕಿದೀನಲ್ಲೇ, ಎಲ್ಲರೂ ಗಾಬರಿಯಾಗಿದಾರೆ. ಈಗ ಪಾರಿವಾಳ ಅಂತ ಹಾಕ್ತೀನಿ. ಸಾಯೋವರೆಗೂ ಬಿಡಲ್ಲ ನಿನ್ನ."

"ಹಾಕಿ ಮಾಮ."

"ಪೊಲೀಸರಿಗೆ ಬೇಡ ಅಂತೀನಿ. ಆದ್ರೂ ನನಗೆ ಸಮಾಧಾನ ಇಲ್ಲ. ನಾಳೆ ಭಾನುವಾರ, ರಸ್ತೆ ಖಾಲಿ ಇರುತ್ತೆ, ನಾನೇ ಬರ್ತೀನಿ. ಹತ್ತಕ್ಕೆ. ಕೀಲಿ ಇಟ್ಕೊಂಡಿರು, ಎಲ್ಲ ಮನೆ ತೆಗೆದು ನೋಡೋಣ. ಎರಡನೇ ಮಹಡಿಯಿಂದ್ಲೇ ಶುರು."

ಫೋನು ಸುಮ್ಮನಾಯಿತು. ಅವನ ದನಿ ಕೋಣೆಯ ತುಂಬ ಕೇಳಿತ್ತು. ಎವಾಂಥಿಯಾ ಮೇಡಂ ನಿಧಾನವಾಗಿ ಕುರ್ಚಿಯಲ್ಲಿ ಕೂತರು, ಬಿಸಿಲ ಪಟ್ಟಿಯ ಹೊರಗೆ.

"ಹತ್ತಕ್ಕೆ," ಎಂದರು.

"ಮೇಡಂ, ಏಳಿ," ಎಂದಳು ಲೆಮೋನಿಯಾ. ಭಯ ಹೋಗಿರಲಿಲ್ಲ. ಆದರೆ ಕೈಗಳಿಗೆ ಕೆಲಸ ಸಿಕ್ಕಿತ್ತು. "ಮೊದಲು ಸ್ನಾನ. ನಾನು ಹೋಗಿ ರೇಡಿಯೊ ಹಾಕ್ತೀನಿ."

"ಗಾಳಿಬಾವಿ ಕಿಟಕಿ ತೆಗೆದಿಡು."

"ಗೊತ್ತು ಮೇಡಂ. ಈಗ ಗೊತ್ತು."

ಸ್ವಲ್ಪ ಹೊತ್ತಿಗೆ ಖಾಲಿ ಕಟ್ಟಡದ ತಳದಿಂದ ತಾರಸಿಯವರೆಗೆ ಕ್ಲಾರಿನೆಟ್ ಹಾಡೊಂದು ತುಂಬಿಕೊಂಡಿತು. ಬೆಟ್ಟದ ಕಡೆಯ ಮದುವೆ ಕುಣಿತದ ಹಾಡು. ಅದರಡಿಯಲ್ಲಿ ಎರಡನೇ ಮಹಡಿಯ ನಲ್ಲಿಗಳು ಒಟ್ಟಿಗೇ ತೆರೆದುಕೊಂಡವು. ಲೆಮೋನಿಯಾ ಕಸದ ಚೀಲದೊಳಗೆ ಖಾಲಿ ಡಬ್ಬಿಗಳನ್ನು, ಕಾಫಿ ಚರಟವನ್ನು, ತಟ್ಟೆಯಲ್ಲಿ ಮೆತ್ತಗಾದ ಚೀಟಿಗಳನ್ನು ತುಂಬಿದಳು. ಜಾಡಿಗಳನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ಅತ್ತೆಯ ಮನೆಗೆ ಸಾಗಿಸಿದಳು. ಹಾಸಿಗೆಯ ಹೊದಿಕೆ ಎಳೆದು ಬಿಗಿದಳು. ಫ್ರಿಜ್ಜಿನ ಪ್ಲಗ್ ಕಿತ್ತು ಬಾಗಿಲು ತೆರೆದಿಟ್ಟಳು. ಊರಿಗೆ ಹೋದವರ ಮನೆ ಹೇಗಿರುತ್ತದೆ ಎಂದು ಉಳಿದ ಮನೆಗಳಲ್ಲಿ ಅವಳು ನೋಡಿದ್ದಳು.

"ನನ್ನ ಮುಖದಲ್ಲಿ ಗೊತ್ತಾಗಿಬಿಡುತ್ತೆ ಮೇಡಂ," ಎಂದಳು, ಬಚ್ಚಲಿನ ಬಾಗಿಲ ಹೊರಗೆ ನಿಂತು. "ಅವರ ಪಕ್ಕ ನಿಂತು ಬೀಗ ತೆಗೀಬೇಕು. ಕೈ ನಡುಗುತ್ತೆ."

"ನಡುಗ್ಲಿ. ಪಾರಿವಾಳಕ್ಕೆ ಹೆದರೋಳು, ನಡುಗದಿದ್ರೇನೇ ಅನುಮಾನ." ನೀರಿನ ಸದ್ದಿನ ನಡುವೆ ಆ ದನಿಗೆ ಟೀಚರಿನ ಗತ್ತು ಮರಳಿ ಬಂದಿತ್ತು. "ಒಂದು ನೆನಪಿಟ್ಕೋ. ಸುಳ್ಳಿಗೆ ವಿವರ ಸೇರಿಸ್ಬೇಡ. ನಾನು ಮೊದಲನೇ ವರ್ಷ ಸುಮ್ಮನಿರಲಾರದೆ ಅಂಜೂರದ ಮರ ಅಂದೆ. ಆಮೇಲೆ ಪ್ರತಿ ವರ್ಷ ಅದಕ್ಕೆ ಹಣ್ಣು ಬಿಡಿಸ್ಬೇಕಾಯ್ತು."

ಲೆಮೋನಿಯಾಗೆ ನಗು ಬಂತು. ನಕ್ಕ ತಕ್ಷಣ ಅಳುವೂ ಬಂತು. ಎರಡನ್ನೂ ಅಂಗೈಯಲ್ಲಿ ಒರೆಸಿಕೊಂಡಳು.

"ನಾಳೆ ನೀವೆಲ್ಲಿರ್ತೀರ?"

ನಲ್ಲಿ ನಿಂತಿತು. ಬಾಗಿಲು ತೆರೆದು ಎವಾಂಥಿಯಾ ಮೇಡಂ ಟವಲು ಸುತ್ತಿಕೊಂಡು ಹೊರಬಂದರು. ಕೂದಲು ಅಂಟಿಕೊಂಡು ತಲೆ ಪುಟ್ಟದಾಗಿ ಕಾಣುತ್ತಿತ್ತು.

"ಅದೇ ಯೋಚನೆ. ಆಗಸ್ಟಲ್ಲಿ ನಾನು ಬೀದಿಗೆ ಇಳಿದೇ ಇಲ್ಲ. ಮೂಲೇಲಿ ಗೂಡಂಗಡಿಯವನಿದಾನೆ. ಅವನು ನೋಡಿದ್ರೆ?"

"ಬೆಳಗ್ಗೆ ಆರಕ್ಕೆ ಅವನು ಪೇಪರ್ ಕಟ್ಟು ಬಿಚ್ತಾ ಇರ್ತಾನೆ, ಬೆನ್ನು ಹಾಕಿ ಕೂತಿರ್ತಾನೆ. ನಾನು ದಿನಾ ನೋಡ್ತೀನಿ. ಗ್ಯಾರೇಜ್ ಬಾಗಿಲಿಂದ ಹೊರಟ್ರೆ ಟ್ರಾಲಿ ಬಸ್ಸು, ಅಲ್ಲಿಂದ ಟ್ರಾಮು. ಕೊನೇ ನಿಲ್ದಾಣದವರೆಗೂ ಹೋಗಿ, ವೂಲಾಗೆ. ಅಲ್ಲಿ ನಮ್ಮ ಕಟ್ಟಡದವರು ಯಾರಿರ್ತಾರೆ? ಎಲ್ಲ ಊರಲ್ಲಿದಾರೆ."

"ವೂಲಾ," ಎಂದರು ಮೇಡಂ. "ಅಲ್ಲಿ ಸಮುದ್ರ ಇದೆ."

"ಮಾಮ ಹೋದ ತಕ್ಷಣ ನಾನೂ ಬರ್ತೀನಿ. ಸಂಜೆ ಒಟ್ಟಿಗೆ ವಾಪಸ್ ಬರೋಣ."

"ನಿನಗೆ ಈಜು ಬರುತ್ತಾ?"

"ಇಲ್ಲ. ನೀರು ಕಂಡ್ರೆ ಭಯ."

"ನಿನಗೆ ಯಾವುದು ಕಂಡ್ರೆ ಭಯ ಇಲ್ಲ ಮಗಳೇ?"

ಲೆಮೋನಿಯಾ ಯೋಚಿಸಿದಳು. "ರಕ್ತ."

ಎವಾಂಥಿಯಾ ಮೇಡಂ ನಕ್ಕರು. ಸದ್ದು ಮಾಡಿಯೇ ನಕ್ಕರು, ಮೇಲೆ ಕ್ಲಾರಿನೆಟ್ ಇನ್ನೂ ಊದುತ್ತಿತ್ತಲ್ಲ. ಆಮೇಲೆ ಬೀರುವಿನ ತಳದಿಂದ ಹಳೆಯ ಕಾಲದ ಈಜುಡುಗೆಯೊಂದನ್ನು ತೆಗೆದು ಮೂಗಿಗೆ ಹಿಡಿದು ಮೂಸಿದರು. ನುಸಿಗುಳಿಗೆಯ ವಾಸನೆಗೆ ಮುಖ ಹಿಂಡಿದರು. ಅದನ್ನು ಮಡಿಸಿ ಕೈಚೀಲದಲ್ಲಿಟ್ಟು, ಮತ್ತೆ ಹೊರತೆಗೆದು, ಮತ್ತೆ ಇಟ್ಟರು.

"ಅವನು ಬೇಗ ಹೋಗ್ದಿದ್ರೆ?"

"ಹೋಗ್ತಾರೆ. ಊರಲ್ಲಿ ಮೇಕೆ ಇದಾವೆ. ಹನ್ನೆರಡಕ್ಕೆ ನಾನಲ್ಲಿರ್ತೀನಿ ಅಂತಿಟ್ಕೊಳ್ಳಿ."

"ನೀನು ಬರದಿದ್ರೆ?"

"ಬರ್ತೀನಿ ಮೇಡಂ."

ಬಚ್ಚಲಿನಿಂದ ಬೀರುವಿನವರೆಗೆ ಅವರ ಒದ್ದೆ ಹೆಜ್ಜೆಗಳು ನೆಲದ ಕಲ್ಲಿನ ಮೇಲೆ ಮೂಡಿದ್ದವು. ಲೆಮೋನಿಯಾ ಒರೆಸಲೆಂದು ಬಟ್ಟೆ ಹಿಡಿದು ಬಗ್ಗಿದಳು. ಆದರೆ ಸೆಕೆಗೆ ಅವು ಆಗಲೇ ಅಂಚಿನಿಂದ ಕುಗ್ಗುತ್ತಾ ಒಂದೊಂದಾಗಿ ಆರತೊಡಗಿದ್ದವು. ಅವಳು ಮಂಡಿಯೂರಿ ಹಾಗೇ ನೋಡುತ್ತಾ ಕೂತಳು.

"ಹನ್ನೆರಡಕ್ಕೆ," ಎಂದರು ಎವಾಂಥಿಯಾ ಮೇಡಂ, ಪಾಠ ಒಪ್ಪಿಸುವ ಮಗುವಿನ ಹಾಗೆ. "ಟ್ರಾಮು ಇಳಿದು, ಎಲ್ಲಿ ನಿಂತ್ಕೊಳ್ಲಿ?"

"ನೀರಿನ ಹತ್ರ."